ಕರೆಂಟ್ ಹೋದಾಗ: ಬ್ಯಾಟರಿಗೆ ಯಾವ ಕೆಲಸ, ಜನರೇಟರಿಗೆ ಯಾವ ಕೆಲಸ?



ಬೆಳಗಿನ ಐದೂವರೆ, ಸಂಜೆಯ ಐದೂವರೆ. ಹಾಲು ಕರೆಯುವ ಈ ಹೊತ್ತನ್ನು ಗೊತ್ತು ಮಾಡುವುದು ಹಸುವಿನ ಕೆಚ್ಚಲು. ಕರೆಂಟಿಗೆ ಈ ಹೊತ್ತುಗೊತ್ತಿನ ಹಂಗಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುತ್ತದೆ, ಬೇಸಿಗೆಯಲ್ಲಿ ಟಿ.ಸಿ. ಸುಡುತ್ತದೆ. 2023ರಂತಹ ಬರದ ವರ್ಷದಲ್ಲಿ ತ್ರೀಫೇಸ್ ಸಿಗುವ ಅವಧಿಯೇ ಕಡಿಮೆಯಾಗಿತ್ತು. ಹಿಂದೆ ಲಾಟೀನು ಹಚ್ಚಿಕೊಂಡು ಎರಡು ಹಸು ಕರೆದು ಮುಗಿಸುತ್ತಿದ್ದೆವು. ಈಗ ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ನೀರಿನ ಮೋಟಾರ್ ಎಲ್ಲವೂ ಕರೆಂಟನ್ನೇ ನಂಬಿಕೊಂಡಿವೆ.

ಹಾಗಾಗಿ ಮನೆಯಲ್ಲಿ ಬ್ಯಾಟರಿಯ ಯು.ಪಿ.ಎಸ್. ಇಟ್ಟುಕೊಂಡವರು ಹಲವರು. ಐದಾರು ಹಸು ಕಟ್ಟಿದವರಲ್ಲಿ ಕೆಲವರು ಸಣ್ಣ ಜನರೇಟರನ್ನೂ ಕೊಂಡಿದ್ದಾರೆ. ಗ್ರಾಮ ಭೇಟಿಯ ವೇಳೆ ಇಂತಹ ಸದಸ್ಯರು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಡಾಕ್ಟ್ರೇ, ಜನರೇಟರ್ ಓಡ್ತಾ ಇದ್ರೂ ಯು.ಪಿ.ಎಸ್. ಕೂಗ್ತಾ ಇರುತ್ತೆ, ಬ್ಯಾಟರಿನೂ ಖಾಲಿ ಆಗುತ್ತೆ. ಯಾಕೆ?" ಈ ಪ್ರಶ್ನೆಗೆ ಉತ್ತರವನ್ನೂ, ಎರಡನ್ನೂ ಒಟ್ಟಿಗೆ ಬಳಸುವಾಗ ಜನ ಮತ್ತು ಜಾನುವಾರುಗಳ ಜೀವಕ್ಕೆ ಅಪಾಯವಾಗದಂತೆ ವಹಿಸಬೇಕಾದ ಎಚ್ಚರಿಕೆಯನ್ನೂ ಇಲ್ಲಿ ವಿವರಿಸಲಾಗಿದೆ.

ಎರಡರ ಕೆಲಸವೂ ಬೇರೆ ಬೇರೆ

ಬ್ಯಾಟರಿ ಎಂದರೆ ತುಂಬಿಟ್ಟ ತೊಟ್ಟಿ ಇದ್ದಂತೆ. ಕರೆಂಟ್ ಹೋದ ಕ್ಷಣದಲ್ಲೇ ಕೊಡುತ್ತದೆ, ಆದರೆ ಇದ್ದಷ್ಟನ್ನೇ ಕೊಡುತ್ತದೆ. ಜನರೇಟರ್ ಬಾವಿ ಇದ್ದಂತೆ. ಎಣ್ಣೆ ಇರುವವರೆಗೂ ಕೊಡುತ್ತದೆ, ಆದರೆ ಚಾಲೂ ಮಾಡಿ ಹದಕ್ಕೆ ಬರಲು ಕೆಲವು ನಿಮಿಷ ಬೇಕು. ಆದ್ದರಿಂದ ದೀಪ, ಮೊಬೈಲ್, ಸಂಘದ ಹಾಲು ಪರೀಕ್ಷಾ ಯಂತ್ರ, ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಕಂಪ್ಯೂಟರ್ ಬ್ಯಾಟರಿಯ ಪಾಲಿಗೆ ಇರಲಿ. ಮೋಟಾರ್ ಇರುವ ಯಂತ್ರಗಳೆಲ್ಲ ಜನರೇಟರಿನ ಪಾಲಿಗೆ ಇರಲಿ. ಈ ಹಂಚಿಕೆ ಸರಿಯಾಗಿದ್ದರೆ ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಎಷ್ಟು ದೊಡ್ಡದು ಬೇಕು?

ಮೊದಲು ಬ್ಯಾಟರಿಯ ಲೆಕ್ಕ ನೋಡೋಣ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 12 × 150, ಅಂದರೆ 1800 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಯು.ಪಿ.ಎಸ್.ನಲ್ಲೇ ಶಾಖವಾಗಿ ನಷ್ಟವಾಗುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಪ್ರತಿ ಸಲವೂ ಪೂರ್ತಿ ಬರಿದು ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಅರ್ಧದಷ್ಟನ್ನು ಮಾತ್ರ ಬಳಸಿದರೆ ಸುಮಾರು 700 ವ್ಯಾಟ್-ಗಂಟೆ ಕೈಗೆ ಬರುತ್ತದೆ. 100 ವ್ಯಾಟ್ ಹೊರೆಗೆ ಏಳು ಗಂಟೆ, 200 ವ್ಯಾಟ್ ಹೊರೆಗೆ ಮೂರೂವರೆ ಗಂಟೆ ಎಂದು ಇಟ್ಟುಕೊಳ್ಳಿ. ಕೊಟ್ಟಿಗೆಗೆ 9 ವ್ಯಾಟಿನ ನಾಲ್ಕು ಎಲ್.ಇ.ಡಿ. ಬಲ್ಬು ಹಾಕಿದರೆ 36 ವ್ಯಾಟ್ ಮಾತ್ರ. ರಾತ್ರಿ ಹಸು ಕರು ಹಾಕುವಾಗ ಬೆಳಕಿಗೆ ಇದು ಧಾರಾಳವಾಗಿ ಸಾಕು.

ಇನ್ನು ಜನರೇಟರ್. 1 ಅಶ್ವಶಕ್ತಿ ಎಂದರೆ 746 ವ್ಯಾಟ್. ಆದರೆ 1 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರ್ ಓಡುವಾಗ ಸುಮಾರು ಒಂದೂವರೆ ಕೆ.ವಿ.ಎ. ಎಳೆಯುತ್ತದೆ. ಚಾಲೂ ಆಗುವ ಆ ಒಂದೆರಡು ಸೆಕೆಂಡು ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಹೂಡಿದ ಎತ್ತು ಭಾರದ ಗಾಡಿಯನ್ನು ನಿಂತಲ್ಲಿಂದ ಮೊದಲು ಅಲುಗಿಸುವಾಗ ಹೆಚ್ಚು ಬಲ ಹಾಕುವಂತೆಯೇ ಇದು. ಹೀಗಾಗಿ 1 ಅಶ್ವಶಕ್ತಿಯ ಹಾಲು ಕರೆಯುವ ಯಂತ್ರಕ್ಕೆ ಕನಿಷ್ಠ 3 ಕೆ.ವಿ.ಎ., 2 ಅಶ್ವಶಕ್ತಿಯ ಮೇವು ಕತ್ತರಿಸುವ ಯಂತ್ರಕ್ಕೆ 5 ಕೆ.ವಿ.ಎ. ಅಥವಾ ಅದಕ್ಕೂ ಮೇಲಿನ ಜನರೇಟರ್ ಬೇಕಾಗುತ್ತದೆ. ಮನೆಯ 800-900 ವಿ.ಎ. ಯು.ಪಿ.ಎಸ್.ಗೆ ಮೋಟಾರ್ ಜೋಡಿಸುವ ಗೋಜಿಗೆ ಹೋಗಬೇಡಿ.

ಎರಡು ಮೋಟಾರ್ ಇದ್ದರೆ ಒಟ್ಟಿಗೆ ಚಾಲೂ ಮಾಡಕೂಡದು. ದೊಡ್ಡದನ್ನು ಮೊದಲು, ಅದು ಸಲೀಸಾಗಿ ಓಡತೊಡಗಿದ ಮೇಲೆ ಚಿಕ್ಕದನ್ನು, ಕೊನೆಯಲ್ಲಿ ಯು.ಪಿ.ಎಸ್. ಅನ್ನು ಹಚ್ಚಬೇಕು. ಹಾಲು ಕರೆಯುವ ಹೊತ್ತಿನಲ್ಲಿ ಮೇವಿನ ಯಂತ್ರ ಓಡಿಸದಿರುವುದೇ ಲೇಸು.

ಜನರೇಟರ್ ಓಡಿದರೂ ಯು.ಪಿ.ಎಸ್. ಒಪ್ಪದಿರುವುದೇಕೆ?

ಯು.ಪಿ.ಎಸ್. ತನಗೆ ಬರುವ ಕರೆಂಟನ್ನು ಸದಾ ಎರಡು ವಿಷಯಗಳಲ್ಲಿ ಪರೀಕ್ಷೆ ಮಾಡುತ್ತದೆ. ಒಂದು ವೋಲ್ಟೇಜ್, ಇನ್ನೊಂದು ಸೆಕೆಂಡಿಗೆ ಎಷ್ಟು ಆವರ್ತನ ಎಂಬುದು. ನಮ್ಮ ಲೈನಿನ ಕರೆಂಟ್ 230 ವೋಲ್ಟ್, ಸೆಕೆಂಡಿಗೆ 50 ಆವರ್ತನ ಇರಬೇಕಾದದ್ದು. ಜನರೇಟರಿನಲ್ಲಿ ಈ ಆವರ್ತನ ಎಂಜಿನ್ನಿನ ವೇಗವನ್ನೇ ಅವಲಂಬಿಸಿದೆ. ಚಿಕ್ಕ ಪೆಟ್ರೋಲ್ ಜನರೇಟರುಗಳು ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು, ಸಂಘಗಳಲ್ಲಿರುವ ಡೀಸೆಲ್ ಜನರೇಟರುಗಳು 1500 ಸುತ್ತು ತಿರುಗಿದಾಗ ಸರಿಯಾಗಿ 50 ಬರುತ್ತದೆ. ಮೋಟಾರ್ ಚಾಲೂ ಮಾಡಿದಾಗ 3000 ಸುತ್ತು 2850ಕ್ಕೆ ಇಳಿದರೆ ಆವರ್ತನ 47.5ಕ್ಕೆ ಇಳಿಯಿತೆಂದೇ ಲೆಕ್ಕ. ವೋಲ್ಟೇಜೂ ಜಗ್ಗುತ್ತದೆ. ಯು.ಪಿ.ಎಸ್. "ಈ ಕರೆಂಟ್ ಸರಿಯಿಲ್ಲ" ಎಂದು ತಿಳಿದು ಬ್ಯಾಟರಿಗೆ ಹೊರಳುತ್ತದೆ.

ಅಷ್ಟರಲ್ಲಿ ಜನರೇಟರಿನ ಮೇಲಿನ ಹೊರೆ ಇಳಿದು ವೇಗ ಏರುತ್ತದೆ. ಯು.ಪಿ.ಎಸ್. ಮತ್ತೆ ಒಪ್ಪಿಕೊಳ್ಳುತ್ತದೆ. ಒಪ್ಪಿದೊಡನೆ ಬ್ಯಾಟರಿ ಚಾರ್ಜಿನ ಹೊರೆ ಬಿದ್ದು ಜನರೇಟರ್ ಮತ್ತೆ ಜಗ್ಗುತ್ತದೆ. ನಿಮಗೆ ಕೇಳುವ ಟಿಕ್ ಟಿಕ್ ಸದ್ದು, ಕೂಗು ಎಲ್ಲ ಈ ಎಳೆದಾಟದ್ದೇ. ಪ್ರತಿ ಸಲವೂ ಬ್ಯಾಟರಿ ಒಂದಿಷ್ಟು ಬರಿದಾಗುತ್ತ ಹೋಗುತ್ತದೆ. ಪರಿಹಾರಕ್ಕೆ ಕೆಳಗಿನ ಕ್ರಮ ಅನುಸರಿಸಿ:

1. ಜನರೇಟರನ್ನು ಹೊರೆಯಿಲ್ಲದೆ ಎರಡು ಮೂರು ನಿಮಿಷ ಓಡಿಸಿ. ವೋಲ್ಟ್ ಮೀಟರ್ 220ರಿಂದ 240ರ ನಡುವೆ ನಿಂತ ಮೇಲೆ ಹೊರೆ ಕೊಡಿ.

2. ಮೆಕ್ಯಾನಿಕ್‌ನಿಂದ ಗವರ್ನರ್ ಸರಿಪಡಿಸಿ ವೇಗ ಹದಕ್ಕೆ ತರಿಸಿ. ಗಾಳಿಯ ಜಾಲರಿ ಕಟ್ಟಿಕೊಂಡಿದ್ದರೂ, ಪೆಟ್ರೋಲಿನಲ್ಲಿ ಕಸ ಸೇರಿದ್ದರೂ ಎಂಜಿನ್ ಹೀಗೆಯೇ ಏರಿಳಿಯುತ್ತದೆ.

3. ಜನರೇಟರಿನ ಶಕ್ತಿ ಯು.ಪಿ.ಎಸ್.ನ ಶಕ್ತಿಗಿಂತ ಕನಿಷ್ಠ ಎರಡರಷ್ಟು ಇರಲಿ. ಮೋಟಾರ್ ಇದ್ದರೆ ಅದರ ಲೆಕ್ಕ ಬೇರೆ ಸೇರಿಸಿ.

4. ಅನೇಕ ಮನೆ ಯು.ಪಿ.ಎಸ್.ಗಳ ಹಿಂಬದಿಯಲ್ಲಿ ಎರಡು ಸ್ಥಾನದ ಸ್ವಿಚ್ ಇರುತ್ತದೆ. ಯು.ಪಿ.ಎಸ್. ಎಂಬ ಸ್ಥಾನದಲ್ಲಿ ಅದು ಸುಮಾರು 180ರಿಂದ 260 ವೋಲ್ಟ್ ಮಾತ್ರ ಒಪ್ಪುತ್ತದೆ. ಇನ್ನೊಂದು ಸ್ಥಾನದಲ್ಲಿ ಸುಮಾರು 100ರಿಂದ 290ರವರೆಗೂ ಒಪ್ಪುತ್ತದೆ. ಬರೀ ದೀಪ, ಫ್ಯಾನ್ ಇರುವ ಮನೆಯಲ್ಲಿ ಜನರೇಟರ್ ಓಡುವಾಗ ಎರಡನೆಯ ಸ್ಥಾನ ಬಳಸಬಹುದು. ಆದರೆ ಒಪ್ಪಿದ ಕರೆಂಟ್ ಹಾಗೆಯೇ ಮುಂದೆ ಹೋಗುವುದರಿಂದ, ಕಂಪ್ಯೂಟರ್ ಮತ್ತು ಹಾಲು ಪರೀಕ್ಷಾ ಯಂತ್ರ ಇರುವ ಸಂಘಗಳಲ್ಲಿ ಹೀಗೆ ಮಾಡಕೂಡದು. ಅಲ್ಲಿ ಜನರೇಟರನ್ನೇ ಸರಿಪಡಿಸಬೇಕು.

ಬ್ಯಾಟರಿ ಚಾರ್ಜ್ ಮಾಡಲೆಂದೇ ಜನರೇಟರ್ ಓಡಿಸುವುದು ನಷ್ಟದ ಬಾಬು. 150 ಆಂಪಿಯರ್-ಅವರ್ ಬ್ಯಾಟರಿ ಸುಮಾರು 15 ಆಂಪಿಯರಿನಂತೆ ಪೂರ್ತಿ ಚಾರ್ಜ್ ಆಗಲು 10-12 ಗಂಟೆ ಹಿಡಿಯುತ್ತದೆ. ಒಂದು ಗಂಟೆ ಜನರೇಟರ್ ಓಡಿಸಿದರೆ ತುಂಬುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಮೋಟಾರ್ ಕೆಲಸಕ್ಕೆ ಜನರೇಟರ್ ಓಡುತ್ತಿರುವಾಗ ಬ್ಯಾಟರಿಯೂ ಜೊತೆಗೆ ಚಾರ್ಜ್ ಆದರೆ ಆಗಲಿ.

ಕರೆಯುವ ಮಧ್ಯೆ ಯಂತ್ರ ನಿಂತರೆ ಕೆಚ್ಚಲಿಗೆ ಏನಾಗುತ್ತದೆ?

ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅದು ಕೆಚ್ಚಲಿಗೆ ತಲುಪಿ ಸುಮಾರು ಒಂದು ನಿಮಿಷದಲ್ಲಿ ಹಸು ಸೊರ ಬಿಡುತ್ತದೆ, ಅಂದರೆ ಹಾಲನ್ನು ಮೊಲೆಗೆ ಇಳಿಬಿಡುತ್ತದೆ. ಈ ಚೋದಕದ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ. ಅಷ್ಟರೊಳಗೆ ಕರೆದು ಮುಗಿಯಬೇಕು. ನಡುವೆ ಯಂತ್ರ ನಿಂತು, ಜನರೇಟರ್ ಹಚ್ಚಲು ಹತ್ತು ನಿಮಿಷ ಹಿಡಿದರೆ ಉಳಿದ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಉಳಿದ ಹಾಲು ರೋಗಾಣುಗಳಿಗೆ ಊಟವಿಟ್ಟಂತೆ.

ವೇಗ ಜಗ್ಗುವ ಜನರೇಟರಿನಿಂದ ಇನ್ನೊಂದು ತೊಂದರೆಯಿದೆ. ಪಂಪಿನ ವೇಗ ಇಳಿದರೆ ನಿರ್ವಾತ ಕಡಿಮೆಯಾಗಿ ಮೊಲೆಗೆ ಹಾಕಿದ ಕಪ್ಪುಗಳು ಜಾರುತ್ತವೆ. ಆಗ ಒಳನುಗ್ಗುವ ಗಾಳಿ ಹಾಲಿನ ಹನಿಗಳನ್ನು ಹಿಂದಕ್ಕೆ ಮೊಲೆತೂತಿನತ್ತ ಚಿಮ್ಮಿಸುತ್ತದೆ. ಒಂದು ಮೊಲೆಯ ರೋಗಾಣು ಇನ್ನೊಂದಕ್ಕೆ ದಾಟಿ ಕೆಚ್ಚಲು ಬಾವು ಹರಡಲು ಇದೊಂದು ದಾರಿ. ಆದ್ದರಿಂದ ಯಂತ್ರ ಓಡುವಾಗ ನಿರ್ವಾತದ ಮೀಟರಿನ ಮುಳ್ಳು ಕುಣಿಯುತ್ತಿದ್ದರೆ ಕರೆಯುವುದನ್ನು ನಿಲ್ಲಿಸಿ, ಮೊದಲು ಜನರೇಟರ್ ನೋಡಿ.

ಕರೆಂಟ್ ಹೋಗುವ ಲಕ್ಷಣ ಇದ್ದ ದಿನ ಜನರೇಟರನ್ನು ಮೊದಲೇ ಚಾಲೂ ಮಾಡಿ, ಅದು ಹದಕ್ಕೆ ಬಂದ ಮೇಲೆ ಕೆಚ್ಚಲು ತೊಳೆಯಿರಿ. ನಡುವೆ ನಿಂತೇ ಹೋದರೆ ಕಪ್ಪುಗಳು ಸಗಣಿಯಲ್ಲಿ ಬೀಳುವ ಮುನ್ನ ಕೈಯಲ್ಲಿ ಹಿಡಿದು ತೆಗೆದು, ಬ್ಯಾಟರಿ ದೀಪದ ಬೆಳಕಿನಲ್ಲಿ ಉಳಿದ ಹಾಲನ್ನು ಕೈಯಿಂದಲೇ ಕರೆದು ಮುಗಿಸಿ. ಮೊಲೆಗಳನ್ನು ರೋಗಾಣುನಾಶಕ ದ್ರಾವಣದಲ್ಲಿ ಅದ್ದಿ, ಹಸು ಕೂಡಲೇ ಮಲಗದಂತೆ ಗೋದಲಿಗೆ ಮೇವು ಹಾಕಿ. ಯಂತ್ರ ಬಂತೆಂದು ಮನೆಯವರು ಕೈಯಲ್ಲಿ ಕರೆಯುವ ಅಭ್ಯಾಸ ಬಿಡಬಾರದು. ಎಣ್ಣೆ ಬೇಡದ ಜನರೇಟರ್ ಅದೊಂದೇ.

ಜೋಡಿಸುವ ಕ್ರಮ: ಲೈನ್‌ಮನ್‌ನ ಪ್ರಾಣ ನಿಮ್ಮ ಕೈಯಲ್ಲಿದೆ

ಕೆಲವರು ಎರಡೂ ತುದಿಗೆ ಪ್ಲಗ್ ಹಾಕಿದ ವೈರಿನಿಂದ ಜನರೇಟರಿನ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಡುತ್ತಾರೆ. ಇದು ಕೊಲೆಗೆ ಸಮಾನ. ಆ ಕರೆಂಟ್ ಮನೆಯ ಮೀಟರ್ ದಾಟಿ, ಕಂಬ ಹತ್ತಿ, ಊರಿನ ಟಿ.ಸಿ. ಸೇರುತ್ತದೆ. 11,000 ವೋಲ್ಟನ್ನು ಇಳಿಸಿ ನಮಗೆ ಕೊಡುವ ಅದೇ ಟಿ.ಸಿ., ಹಿಂದಿನಿಂದ ಬಂದ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿಬಿಡಬಲ್ಲದು. "ಲೈನ್ ಆಫ್ ಆಗಿದೆ" ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅಲ್ಲೇ ಪ್ರಾಣ ಬಿಡುತ್ತಾನೆ. ಜನರೇಟರ್ ಓಡುತ್ತಿರುವಾಗಲೇ ಲೈನಿನ ಕರೆಂಟ್ ಬಂದರೆ ಜನರೇಟರೂ ಸುಡುತ್ತದೆ, ಮನೆಗೆ ಬೆಂಕಿಯೂ ಬೀಳಬಹುದು.

ಸರಿಯಾದ ಕ್ರಮ ಹೀಗಿದೆ: ಮೀಟರಿನ ನಂತರ ಒಂದು ಚೇಂಜ್‌ಓವರ್ ಸ್ವಿಚ್ ಇರಬೇಕು. ಅದರ ಒಂದು ಕಡೆಗೆ ಲೈನ್, ಇನ್ನೊಂದು ಕಡೆಗೆ ಜನರೇಟರ್. ಎರಡೂ ಒಟ್ಟಿಗೆ ಸೇರಲು ಅಲ್ಲಿ ದಾರಿಯೇ ಇರುವುದಿಲ್ಲ. ಸಿಂಗಲ್ ಫೇಸಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಎರಡು ಪೋಲಿನ ಸ್ವಿಚ್, ತ್ರೀಫೇಸಿಗೆ ನಾಲ್ಕು ಪೋಲಿನದು ಬೇಕು. ಯು.ಪಿ.ಎಸ್. ಈ ಸ್ವಿಚ್ಚಿನ ನಂತರ ಬರಬೇಕು. ಆಗ ಯು.ಪಿ.ಎಸ್.ಗೆ ಲೈನೂ ಒಂದೇ, ಜನರೇಟರೂ ಒಂದೇ. ಎರಡರಲ್ಲೂ ಚಾರ್ಜ್ ಆಗುತ್ತದೆ, ಎರಡೂ ಇಲ್ಲದಾಗ ತಾನು ಕೊಡುತ್ತದೆ. ಜನರೇಟರಿನ ವೈರನ್ನು ಯು.ಪಿ.ಎಸ್.ನಿಂದ ಹೊರಬರುವ ಕಡೆಗೆ ಎಂದೂ ಸೇರಿಸಕೂಡದು. ಕೆಲಸವನ್ನು ಪರವಾನಗಿ ಹೊಂದಿದ ವೈರ್‌ಮನ್‌ನಿಂದಲೇ ಮಾಡಿಸಿ.

ಒದ್ದೆ ಕೊಟ್ಟಿಗೆ, ಬರಿಗಾಲಿನ ಹಸು

ನಮ್ಮ ಕಾಲಿಗೆ ಚಪ್ಪಲಿಯಿದೆ. ಹಸು ಗಂಜಲದಿಂದ ಒದ್ದೆಯಾದ ನೆಲದ ಮೇಲೆ ನಾಲ್ಕು ಬರಿಗಾಲಲ್ಲಿ ನಿಂತಿರುತ್ತದೆ. ಅದರ ದೇಹ ನಮ್ಮ ದೇಹಕ್ಕಿಂತ ಸುಲಭವಾಗಿ ಕರೆಂಟ್ ಹಾಯಿಸುತ್ತದೆ. ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು. ಆದ್ದರಿಂದ ನಮ್ಮ ಅರಿವಿಗೇ ಬಾರದ ಕೆಲವೇ ವೋಲ್ಟಿನ ಸೋರಿಕೆಯನ್ನೂ ಹಸು ಗುರುತಿಸುತ್ತದೆ. ಜನರೇಟರ್ ಹಚ್ಚಿದಾಗ ಮಾತ್ರ ಹಸು ಕಾಲು ಕುಣಿಸುವುದು, ತೊಟ್ಟಿಯ ನೀರಿಗೆ ಬಾಯಿ ಹಾಕಲು ಹಿಂಜರಿಯುವುದು, ಹಾಲು ಕಟ್ಟಿಕೊಳ್ಳುವುದು ಕಂಡರೆ ದೃಷ್ಟಿ ತಗಲಿತೆಂದು ತಿಳಿಯಬೇಡಿ, ಹೊಡೆಯಲೂ ಬೇಡಿ. ಹೆದರಿದ ಹಸುವಿನ ರಕ್ತಕ್ಕೆ ಸೇರುವ ಅಡ್ರಿನಲಿನ್ ಸೊರ ಬಿಡುವುದನ್ನು ತಡೆಯುತ್ತದೆ. ವೈರ್‌ಮನ್‌ನನ್ನು ಕರೆಸಿ ಸೋರಿಕೆ ನೋಡಿಸಿ.

ಯಂತ್ರದ ಲೋಹದ ಭಾಗ ಮತ್ತು ಜನರೇಟರಿನ ಮೈ ಸರಿಯಾದ ಅರ್ತಿಂಗ್ ಹೊಂದಿರಬೇಕು. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹಾಕಿ. ಕೊಟ್ಟಿಗೆಯ ಸಾಲಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಚಿಕ್ಕ ಜನರೇಟರುಗಳಲ್ಲಿ ಅನೇಕ ವೇಳೆ ನ್ಯೂಟ್ರಲ್ಲಿಗೂ ಅರ್ತಿಂಗಿಗೂ ಸಂಬಂಧವೇ ಇರುವುದಿಲ್ಲ. ಆಗ ಸೋರಿಕೆಯಾದರೂ ಈ ಸ್ವಿಚ್ ಬೀಳದೆ ಹೋಗಬಹುದು. ಇದನ್ನು ಜನರೇಟರ್ ಓಡುವಾಗಲೇ ವೈರ್‌ಮನ್‌ನಿಂದ ಪರೀಕ್ಷೆ ಮಾಡಿಸಿಕೊಳ್ಳಿ. ಹಸು ಕಟ್ಟುವ ಕಬ್ಬಿಣದ ಕಂಬಕ್ಕೆ ವೈರ್ ಸುತ್ತುವ ಪದ್ಧತಿ ಬಿಡಿ.

ಹೊಗೆಯಿಂದ ದೂರ

ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ನಿದ್ದೆ ಬಂದಂತಾಗಿ ಮನುಷ್ಯ ಮತ್ತೆ ಏಳುವುದಿಲ್ಲ. ಮಳೆ ಬಂತೆಂದು ಜನರೇಟರನ್ನು ಕೊಟ್ಟಿಗೆ, ಪಡಸಾಲೆ, ಮೇವಿನ ಮನೆಯೊಳಗೆ ಇಟ್ಟು ಓಡಿಸಬೇಡಿ. ಕನಿಷ್ಠ 20 ಅಡಿ ದೂರದಲ್ಲಿ, ಮೇಲೆ ಮಾತ್ರ ತಗಡಿನ ಮಾಡು ಹಾಕಿ, ಹೊಗೆ ಕೊಳವೆ ಮನೆಗೂ ಕೊಟ್ಟಿಗೆಗೂ ವಿಮುಖವಾಗಿರುವಂತೆ ಇಡಿ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯಬೇಡಿ. ಹಾಲು ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ ಎಣ್ಣೆಯ ಕ್ಯಾನು ಮತ್ತು ಹಾಲಿನ ಕ್ಯಾನು ಒಂದೇ ಕಡೆ ಇರಬಾರದು. ಎಣ್ಣೆ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಕೆಚ್ಚಲು ಮುಟ್ಟಬಾರದು.

ಬ್ಯಾಟರಿಯ ಆರೈಕೆ ಮತ್ತು ಹಳೆಯ ಬ್ಯಾಟರಿಯ ವಿಷ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಗಾಳಿಯಾಡುವ ಜಾಗದಲ್ಲಿಡಿ, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರು ಬೇಡ, ಆಸಿಡ್ ಸೇರಿಸುವುದೂ ಬೇಡ. ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ.

ಪಶುವೈದ್ಯನಾಗಿ ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು ಹಳೆಯ ಬ್ಯಾಟರಿಯದು. ಬ್ಯಾಟರಿಯೊಳಗಿನ ತಟ್ಟೆಗಳು ಸೀಸದವು. ದನಕರುಗಳಿಗೆ ಕಂಡದ್ದನ್ನು ನೆಕ್ಕುವ ಸ್ವಭಾವ. ಹಿತ್ತಲಲ್ಲಿ ಬಿಸಾಡಿದ ಒಡೆದ ಬ್ಯಾಟರಿಯನ್ನು ನೆಕ್ಕಿದ ದನಕರು ಸೀಸದ ವಿಷಕ್ಕೆ ತುತ್ತಾಗುತ್ತವೆ. ಕರುಗಳಿಗಂತೂ ಅಪಾಯ ಇನ್ನೂ ಹೆಚ್ಚು. ಹಲ್ಲು ಕಡಿಯುವುದು, ಕಣ್ಣು ಕಾಣದಂತಾಗುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಸುತ್ತು ಸುತ್ತು ತಿರುಗುವುದು, ನಡುಕ, ಸೆಳೆತ ಇದರ ಲಕ್ಷಣಗಳು. ಕೆಲವು ಕರುಗಳು ಲಕ್ಷಣ ತೋರುವ ಮೊದಲೇ ಸಾಯುತ್ತವೆ. ಸಂಶಯ ಬಂದ ಕೂಡಲೇ ಪಶುವೈದ್ಯರನ್ನು ಕರೆಸಿ, ಬ್ಯಾಟರಿಯ ವಿಷಯ ಮುಚ್ಚಿಡದೆ ಹೇಳಿ. ಸೀಸ ಹಾಲಿಗೂ ಇಳಿಯುವುದರಿಂದ ಅಂತಹ ಹಸುವಿನ ಹಾಲನ್ನು ವೈದ್ಯರು ಹೇಳುವವರೆಗೆ ಮನೆಗೂ ಬಳಸಬಾರದು, ಸಂಘಕ್ಕೂ ಹಾಕಬಾರದು. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂತಿರುಗಿಸಿ. ಬ್ಯಾಟರಿಯನ್ನು ಕಸಕ್ಕೆ ಎಸೆಯದೆ ಹಿಂತಿರುಗಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಹೇಳುತ್ತವೆ.

ಸಂಘಗಳಲ್ಲಿ ಗಮನಿಸಬೇಕಾದದ್ದು

ಹಾಲಿನ ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡುವಾಗ ಕರೆಂಟ್ ಹೋಗಿ ಯಂತ್ರ ನಿಂತರೆ ಆ ಪರೀಕ್ಷೆಯನ್ನು ಹೊಸದಾಗಿಯೇ ಮಾಡಬೇಕು. ಅಂದಾಜಿನ ಅಂಕಿ ಬರೆಯಕೂಡದು. ಅದು ಸದಸ್ಯರ ದುಡ್ಡಿನ ಪ್ರಶ್ನೆ. ಯು.ಪಿ.ಎಸ್. ಬ್ಯಾಟರಿ ಹಾಲು ಸಂಗ್ರಹಣೆ ಮುಗಿಯುವಷ್ಟು ಹೊತ್ತು ನಿಲ್ಲುವುದೇ ಎಂದು ತಿಂಗಳಿಗೊಮ್ಮೆ ಮೈನ್ ಆಫ್ ಮಾಡಿ ಪರೀಕ್ಷಿಸಿ. ಅದೇ ದಿನ ಜನರೇಟರನ್ನೂ ಹೊರೆ ಸಮೇತ ಅರ್ಧ ಗಂಟೆ ಓಡಿಸಿ.

ಶೀತಲೀಕರಣ ಘಟಕವಿರುವ ಸಂಘಗಳಿಗೆ ಜವಾಬ್ದಾರಿ ಇನ್ನೂ ಹೆಚ್ಚು. ಕರೆದಾಗ ಹಾಲಿನ ಉಷ್ಣತೆ ಸುಮಾರು 38 ಡಿಗ್ರಿ ಸೆಲ್ಸಿಯಸ್. ಆ ಬಿಸುಪಿನಲ್ಲಿ ಸೂಕ್ಷ್ಮಾಣುಗಳು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲವು. 4 ಡಿಗ್ರಿಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಕರೆಂಟ್ ಹೋದೊಡನೆ ಜನರೇಟರ್ ಹಚ್ಚಿ, ತೊಟ್ಟಿಯ ಮುಚ್ಚಳವನ್ನು ಪದೇ ಪದೇ ತೆರೆಯಬೇಡಿ. ಲೈನಿಗೆ ಮರಳುವಾಗ ಕಂಪ್ರೆಸರ್ ನಿಲ್ಲಿಸಿ, ನಾಲ್ಕೈದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ. ಸದಸ್ಯರು ಮನೆಯಲ್ಲಿ ಹಾಲು ಇಟ್ಟುಕೊಳ್ಳದೆ ಕರೆದ ಕೂಡಲೇ ಸಂಘಕ್ಕೆ ತಂದರೆ ಯಾವ ಜನರೇಟರಿಗೂ ಮೀರಿದ ಉಪಕಾರವಾಗುತ್ತದೆ.

ನೆನಪಿಡಿ

• ಬೆಳಕು, ತಕ್ಕಡಿ, ಪರೀಕ್ಷಾ ಯಂತ್ರ ಬ್ಯಾಟರಿಗೆ. ಮೋಟಾರ್ ಜನರೇಟರಿಗೆ.
• ಮೊದಲು ಚೇಂಜ್‌ಓವರ್, ನಂತರ ಯು.ಪಿ.ಎಸ್. ಎರಡು ತಲೆಯ ಪ್ಲಗ್ಗನ್ನು ಇಂದೇ ಕತ್ತರಿಸಿ ಹಾಕಿ.
• ಜನರೇಟರ್ ಹದಕ್ಕೆ ಬಂದ ಮೇಲೆ ಕೆಚ್ಚಲು ತೊಳೆಯಿರಿ.
• ಜನರೇಟರ್ ಬಯಲಲ್ಲಿ, ಹಳೆಯ ಬ್ಯಾಟರಿ ಅಂಗಡಿಗೆ.

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಮಳೆಗಾಲಕ್ಕೆ ಮುನ್ನವೇ ವೈರ್‌ಮನ್‌ನನ್ನು ಒಂದು ಸಲ ಕರೆಸಿ, ಚೇಂಜ್‌ಓವರ್, ಅರ್ತಿಂಗ್ ಮತ್ತು ಬ್ಯಾಟರಿಯನ್ನು ತೋರಿಸಿಬಿಡಿ. ಹಸುಗಳ ವರ್ತನೆಯಲ್ಲಿ ಬದಲಾವಣೆ ಕಂಡರೆ ನಿಮ್ಮ ಸಂಘದ ಕಾರ್ಯದರ್ಶಿಗಳ ಮೂಲಕ ಒಕ್ಕೂಟದ ಪಶುವೈದ್ಯರಿಗೆ ತಿಳಿಸಿ.

– ಪಶುವೈದ್ಯ ವಿಸ್ತರಣಾಧಿಕಾರಿ